ಸೋಮವಾರದ ದುಭಾಷಿ

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅನ್ನುತ್ತಾರಲ್ಲ, ವಕೀಲರ ಕಚೇರಿಗಳ ನ್ಯಾಯವೂ ಅದೇ. ಕೆಲಸ ಕಲಿಯಲು ಬರುತ್ತೇನೆ ಎಂದವರನ್ನು ಅವರು ಮೊದಲು ಕೇಳುವುದೇ ‘ಅನುಭವ ಏನಿದೆ?’ ಎಂದು. ಕಲಬುರಗಿಯ ಹೈಕೋರ್ಟ್ ಪೀಠದ ಬಳಿಯ ಒಂದು ದೊಡ್ಡ ಕಚೇರಿ ಬೇಸಿಗೆಯಲ್ಲಿ ಇಬ್ಬರು ವಿದ್ಯಾರ್ಥಿಗಳನ್ನು ತರಬೇತಿಗೆ ತೆಗೆದುಕೊಳ್ಳುತ್ತಿತ್ತು. ಕಾನೂನು ಕಾಲೇಜಿನ ಕೊನೆಯ ವರ್ಷದ ಮಂಜುಷಾ ಅದರ ಅರ್ಜಿ ಹಿಡಿದು ‘ಅನುಭವ’ ಎಂಬ ಖಾಲಿ ಸಾಲಿಗೆ ಬಂದು ನಿಂತುಬಿಟ್ಟಿದ್ದಳು. ಅಲ್ಲಿ ಕಾಲಿಟ್ಟವರಿಗೆ ಮುಂದೆ ನೌಕರಿ ಸಿಗುವುದೂ ಉಂಟು. ಆದರೆ ನಿಜ ಹೇಳಬೇಕೆಂದರೆ ಅವಳಿಗೆ ನೌಕರಿಗಿಂತ ಹೆಚ್ಚಾಗಿ ಬೇಕಿದ್ದದ್ದು, ಬೆಳಿಗ್ಗೆ ಎದ್ದು ಹೋದರೆ ನಾಲ್ಕು ಜನ ಮಾತಾಡಿಸುವ ಒಂದು ಜಾಗ. ಅಪ್ಪ ತೀರಿಕೊಂಡ ಮೇಲೆ ಬಾಡಿಗೆ ಮನೆಯಲ್ಲಿ ಅವಳೊಬ್ಬಳೇ ಇದ್ದಳು.

“ಯಾರರೆ ವಕೀಲರ ಕಡಿಂದ ಸರ್ಟಿಫಿಕೇಟ್ ತರೂಣು. ಎಲ್ಲಾರೂ ಅದೇ ಮಾಡ್ತಾರ,” ಎಂದಳು ಸಹಪಾಠಿ ಅಫ್ರೀನ್.

“ಬ್ಯಾಡ. ಹೋಗಲಾರದ ಕಡೆ ಹೋಗೀನಿ ಅಂತ ಹ್ಯಾಂಗ ಬರೀಲಿ?”

“ಹಂಗಾರ ಈ ಎರಡು ವರ್ಷ ಏನ ಮಾಡೀದಿ, ಅದನ್ನ ಬರಿ.”

“ಏನೂ ಮಾಡಿಲ್ಲ. ಅಪ್ಪನ ಹತ್ರ ಕುಂತಿದ್ದೆ.”

ಕುಂತಿದ್ದದ್ದು ನಿಜ. ಅವಳಪ್ಪ ಬಂಡು ಮಾಸ್ತರರು ಕಮಲಾಪುರದ ಶಾಲೆಯಲ್ಲಿ ಜೀವಮಾನವೆಲ್ಲ ಕನ್ನಡ ಕಲಿಸಿದವರು. ಮನೆಯೊಳಗೆ ಮಾತ್ರ ಮರಾಠಿ. ಲಕ್ವಾ ಹೊಡೆದಾಗ ಅದು ಬಲಗೈಯ ಜೊತೆಗೆ ಅವರ ಕನ್ನಡವನ್ನೂ ಒಯ್ದಿತು. ಆಡುವುದಿರಲಿ, ಕೇಳಿದರೂ ಹೊಳೆಯುತ್ತಿರಲಿಲ್ಲ. ಉಳಿದದ್ದು ಮರಾಠಿ, ಅದೂ ಸಿಡಿಮಿಡಿ ಮರಾಠಿ. ತಾಯಿ ಮೊದಲೇ ಇರಲಿಲ್ಲ, ಹೀಗಾಗಿ ಔಷಧೋಪಚಾರಕ್ಕೆಂದು ಮಗಳೇ ಅವರನ್ನು ಕಲಬುರಗಿಗೆ ಕರೆತಂದಳು.

ಊರಿನಿಂದ ನೋಡಲು ಬರುತ್ತಿದ್ದವನು ಒಬ್ಬನೇ, ಅಪ್ಪನ ಗೆಳೆಯ ದೌಲಪ್ಪ. ತೊಗರಿ ವ್ಯಾಪಾರಿ. ಪ್ರತಿ ಸೋಮವಾರ, ಇಲ್ಲೇ ಪಕ್ಕದ ನಂದೂರಿನ ದಾಲ್ ಮಿಲ್ಲಿಗೆ ಬಂದಿದ್ದೆ ಎನ್ನುತ್ತ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ, ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು. “ನನಗ ಮರಾಠಿ ಬರಂಗಿಲ್ಲವ್ವಾ, ನೀನೇ ನಡುವ ಕುಂದರು,” ಎಂದಿದ್ದ ಮೊದಲ ದಿನ. ಅಂದಿನಿಂದ ಮಂಜುಷಾ ಇಬ್ಬರ ನಡುವೆ ಕೂತು ಇವನ ಕನ್ನಡವನ್ನು ಮರಾಠಿ ಮಾಡಿ ಅವರಿಗೆ, ಅವರ ಮರಾಠಿಯನ್ನು ಕನ್ನಡ ಮಾಡಿ ಇವನಿಗೆ ಹೇಳಿದಳು. ಅಪ್ಪ ‘ಇವನು ಯಾಕೆ ಮತ್ತೆ ಬಂದ? ಹೊರಗೆ ಕಳಿಸು’ ಎಂದು ಗೊಣಗಿದರೆ, “ಊಟ ಆತೇನು ಅಂತ ಕೇಳಾಕತ್ತಾರ, ಕಾಕಾ,” ಎನ್ನುವಳು. ಬಂದವರ ಎದುರು ಮನೆಯ ಮರ್ಯಾದೆ ಕಾಯಬೇಕಲ್ಲ!

ಇದನ್ನು ಕೇಳಿ ಅಫ್ರೀನ್ ಕುಣಿದಾಡಿದಳು. ನಡುವೆ ಕೂತು ಬೇವನ್ನು ಬೆಲ್ಲ ಮಾಡಿ ಹೇಳಿದ ಕಥೆ ಮಾತ್ರ ಮಂಜುಷಾ ಅವಳಿಗೆ ಹೇಳಿರಲಿಲ್ಲ. “ಇದು ಅನುಭವ ಅಲ್ಲದ ಮತ್ತೇನ? ಕಕ್ಷಿದಾರರ ಮಾತು ಕೇಳಿ ತಿಳಿಸೋದು ವಕೀಲರ ಕೆಲಸನೇ!” ಎಂದು ತಾನೇ ಬರೆದುಕೊಟ್ಟಳು: ‘ಎರಡು ಭಾಷೆಗಳ ನಡುವೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಚಾಚೂ ತಪ್ಪದೆ ಮುಟ್ಟಿಸಿದ ಅನುಭವ.’ ಕೆಳಗೆ, ಕೆಲಸ ಕಣ್ಣಾರೆ ಕಂಡವರೊಬ್ಬರ ಹೆಸರು ಮತ್ತು ಫೋನ್ ನಂಬರು ಬೇಕಿತ್ತು.

ಕಂಡವನು ದೌಲಪ್ಪ ಒಬ್ಬನೇ. ಆದರೆ ಅಪ್ಪನ ಉತ್ತರಕ್ರಿಯೆ ಮುಗಿದ ಮೇಲೆ ಅವನು ಇತ್ತ ತಲೆಹಾಕಿರಲಿಲ್ಲ. ಗೆಳೆಯ ಸತ್ತ, ಸಂಬಂಧ ಹರಿಯಿತು ಎಂದುಕೊಂಡಿದ್ದಳು ಮಂಜುಷಾ, ಮತ್ತು ಹಾಗೆಂದುಕೊಂಡು ಒಬ್ಬಳೇ ಅತ್ತಿದ್ದಳು. ಸೋಮವಾರಗಳು ಈಗ ಉಳಿದ ದಿನಗಳಿಗಿಂತ ಉದ್ದವಾಗಿದ್ದವು. ಅಗತ್ಯ ಬಿದ್ದಾಗ ಅಭಿಮಾನ ನಡೆಯುವುದಿಲ್ಲ. ಬೆಳಿಗ್ಗೆ ಬಸ್ಸು ಹತ್ತಿ, ಮಹಾಗಾಂವ ದಾಟಿ ಕಮಲಾಪುರಕ್ಕೆ ಹೋಗಿ ಅವನ ಅಂಗಡಿಯ ಮುಂದೆ ನಿಂತಳು.

ದೌಲಪ್ಪ ಚೀಲ ಸರಿಸಿ ಜಾಗ ಮಾಡಿಕೊಟ್ಟ. ಅರ್ಜಿಯಲ್ಲಿದ್ದದ್ದನ್ನು ಅವಳು ಓದಿ ಹೇಳಿದಳು.

“ಫೋನ್ ಬಂದ್ರ ನಾ ಸುಳ್ಳ ಹೇಳಂಗಿಲ್ಲ, ತಂಗಿ. ಚಾಚೂ ತಪ್ಪದೆ ಅಂದ್ರ ಅದು ಸುಳ್ಳು.”

“ಅಂದ್ರ, ಕಾಕಾ?”

“ಸಣ್ಣಾಂವಿದ್ದಾಗ ಸೊಲ್ಲಾಪುರದ ಅಡತಿ ಅಂಗಡ್ಯಾಗ ದುಡದಾಂವ ನಾ. ಮಾಸ್ತರ ಅಂದದ್ದೆಲ್ಲಾ ನನಗ ತಿಳೀತಿತ್ತು. ಹೊರಗ ಹಾಕು ಅಂದದ್ದೂ ತಿಳೀತಿತ್ತು.”

ಮಂಜುಷಾಳಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಹೊರಗೆ ಹಾಕು ಅನ್ನಿಸಿಕೊಂಡ ಮನುಷ್ಯ ಮರುವಾರ ಮತ್ತೆ ಹಣ್ಣು ಹಿಡಿದು ಬರುತ್ತಿದ್ದ! ಮರುಕ್ಷಣ ಅದಕ್ಕಿಂತ ಕೆಟ್ಟದೊಂದು ಹೊಳೆಯಿತು. ಅವಳ ಕೆಲಸ ಯಾರಿಗೂ ಬೇಕಾಗಿರಲೇ ಇಲ್ಲ.

“ಹಂಗಾರ ನನ್ನ ಅನುಭವ ಅನ್ನೋದೇ ಇಲ್ಲ,” ಎಂದಳು. “ಮರಾಠಿ ಬರಂಗಿಲ್ಲ ಅಂತ ಯಾಕ ಹೇಳೀದ್ರಿ?”

“ಮೊದಲ ಸಲ ಬಂದಾಗ ನೀ ಮೂಲ್ಯಾಗ ನಿಂತಿದ್ದಿ. ಬಾ ಅನ್ನಲಿಲ್ಲ, ಕುಂದರ್ರಿ ಅನ್ನಲಿಲ್ಲ. ಮಾತೇ ಮರತಂಗಿತ್ತು. ನಡುವ ಕುಂದ್ರಿಸಿದ್ರ ತಾಸೊತ್ತು ಮಾತಾಡ್ತಿದ್ದಿ.” ದೌಲಪ್ಪ ತೊಗರಿ ಕಾಳೊಂದನ್ನು ಬೆರಳಲ್ಲಿ ತಿರುವಿದ. “ಮಳಿಗಾಲದಾಗ ಮಿಲ್ಲಿಗೆ ಹಾಕಾಕ ನನ್ನ ಹತ್ರ ಎಲ್ಲೀ ತೊಗರಿ ಇರ್ತದವ್ವಾ?”

ಮಿಲ್ಲು ಬರೀ ನೆವ ಎಂಬುದು ಅಷ್ಟೂ ಸೋಮವಾರ ಅವಳಿಗೆ ಹೊಳೆದಿರಲಿಲ್ಲ.

“ಮತ್ತ ಆಮ್ಯಾಲ ಯಾಕ ಬರಲಿಲ್ಲ?”

“ಮಾಸ್ತರ ಇಲ್ಲದ ಮನಿ. ಒಬ್ಬಾಕೆ ಹುಡುಗಿ. ಏನ ನೆವ ಹೇಳಿ ಬರ್ಲಿ? ಮಂದಿ ಬಾಯಿ ನಿನಗ ಗೊತ್ತಿಲ್ಲೇನು?” ಅವನು ಅರ್ಜಿಯ ಮೇಲೆ ಬೆರಳಿಟ್ಟ. “ನನ್ನ ಹೆಸರ ಬರಿ. ಚಾಚೂ ತಪ್ಪದೆ ಅನ್ನೋದು ಹೊಡದುಹಾಕು. ಈ ಹುಡುಗಿಗೆ ಯಾವ ಮಾತು ಮುಟ್ಟಿಸಬೇಕು, ಯಾವುದು ನುಂಗಬೇಕು ಗೊತ್ತದ ಅಂತ ಹೇಳ್ತೇನಿ. ಬೇಕಾದ್ರ ತೊಗೊಳ್ಲಿ, ಇಲ್ಲಾಂದ್ರ ಬಿಡ್ಲಿ.”

ಮಂಜುಷಾ ಆ ಮಾತನ್ನು ಹೊಡೆದುಹಾಕಿದಳು. ಸಾಲು ಗಿಡ್ಡವಾಯಿತು. ಆ ಕಚೇರಿಯವರು ಇಷ್ಟಕ್ಕೆ ತನ್ನನ್ನು ಕರೆಯಲಿಕ್ಕಿಲ್ಲ ಎನಿಸಿತು, ಆದರೂ ಕೆಳಗೆ ಅವನ ಹೆಸರು ಬರೆದಳು.

“ಈಗ ಮನ್ಯಾಗ ನಿನ್ನ ಕೂಡ ಯಾರು ಮಾತಾಡ್ತಾರ?” ಎಂದು ದೌಲಪ್ಪ ಕೇಳಿದ.

ಅವಳು ಬಾಯಿ ತೆರೆದಳು. ಅಪ್ಪ ಹೋದ ದಿನದಿಂದ ಯಾರೊಂದಿಗೂ ಆಡದ ಮನೆಮಾತು ತಾನಾಗಿಯೇ ಹೊರಬಿತ್ತು. “ಕೋಣೀ ನಾಹೀ, ಕಾಕಾ.” ಯಾರೂ ಇಲ್ಲ.

ದೌಲಪ್ಪ ತಲೆಯಾಡಿಸಿದ. ಎಷ್ಟೋ ವರ್ಷ ಬಳಸದೆ ತುಕ್ಕು ಹಿಡಿದ ಮರಾಠಿಯಲ್ಲಿ, ತಡೆತಡೆದು ಕೇಳಿದ: “ಜೇವಣ ಝಾಲಂ ಕಾ?”

ಊಟ ಆಯಿತೇ ಎಂದು. ಅಪ್ಪ ಒಂದು ದಿನವೂ ಆಡದ, ಪ್ರತಿ ಸೋಮವಾರ ಅವಳೇ ಅಪ್ಪನ ಬಾಯಿಗೆ ಹಾಕಿದ್ದ ಮಾತು ಅದು. ಆಗಿರಲಿಲ್ಲ, ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಮಂಜುಷಾ ಸೆರಗಿನಿಂದ ಮುಖ ಒರೆಸಿಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.