ಜಪಾನಿನ ಮೀನೂ ಕೋದಂಡರಾಮಪ್ಪನವರ ಮೂಗೂ

ಕೋದಂಡರಾಮಪ್ಪನವರಿಗೆ ದೇವರು ಕೊಟ್ಟ ದೊಡ್ಡ ಆಸ್ತಿಯೆಂದರೆ ಮೂಗು. ಕಣ್ಣಿಗೆ ಕನ್ನಡಕ ಬಂದಿತ್ತು, ಮಂಡಿಗೆ ನೋವು ಬಂದಿತ್ತು, ಮೂಗು ಮಾತ್ರ ಇಪ್ಪತ್ತರ ಹರೆಯದಲ್ಲೇ ಉಳಿದಿತ್ತು. ಪಕ್ಕದ ಮನೆಯವರು ಒಗ್ಗರಣೆಗೆ ಇಂಗು ಹಾಕಿದ್ದಾರೋ ಇಲ್ಲವೋ ಎಂದು ತಮ್ಮ ಗೇಟಿನಲ್ಲೇ ನಿಂತು ಹೇಳಬಲ್ಲವರು ಅವರು. ಇಂಥ ಮೂಗು ಇಟ್ಟುಕೊಂಡು ಹುಟ್ಟಿದ್ದು ಎಲ್ಲಿ ಅಂತೀರಿ? ಹುತ್ತೂರಿನ ರೇಷ್ಮೆಹುಳ ಸಾಕುವ ಮನೆಯಲ್ಲಿ. ಹುಳದ ಜೊತೆ ಮಲಗಿ, ಹುಳದ ಜೊತೆ ಎದ್ದು, ಸ್ಕೂಲಿನಲ್ಲಿ ‘ಹುಳದ ರಾಮ’ ಅನ್ನಿಸಿಕೊಂಡು ಬೆಳೆದರು. ಮೇಷ್ಟ್ರ ಕೆಲಸ ಸಿಕ್ಕಿದ ದಿನವೇ, ಇನ್ನು ಈ ಜನ್ಮದಲ್ಲಿ ಹುಳದ ವಾಸನೆ ಬರುವ ಮನೆಯಲ್ಲಿ ಮಲಗುವುದಿಲ್ಲ ಎಂದು ತೀರ್ಮಾನ ಮಾಡಿದರು.

ಹೆಡ್‌ಮಾಸ್ಟರಾಗಿ ನಿವೃತ್ತರಾದ ಮೇಲೆ ಶ್ರೀನಿವಾಸಪುರದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದರು. ಸೈಟು ನೋಡಲು ಹೋಗಿದ್ದು ಒಂದು ಶುಕ್ರವಾರ. ಬೇರೆ ಯಾವ ವಾರ ಹೋಗಿದ್ದರೂ ಬೀದಿಯ ಕೊನೆಯಲ್ಲಿ ಮುಖ್ತಿಯಾರ್‌ನ ಫಿಲೇಚರ್ ಇರುವುದು ಮೂಗಿಗೆ ತಿಳಿದುಬಿಡುತ್ತಿತ್ತು. ಫಿಲೇಚರ್ ಅಂದರೆ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಕಾರ್ಖಾನೆ. ನೂಲು ಬಿಚ್ಚಿದ ಮೇಲೆ ಉಳಿಯುವುದು ಬೆಂದ ಹುಳ. ಅದರ ವಾಸನೆಯನ್ನು ಬರೆದು ತಿಳಿಸಲು ಆಗದು. ಶುಕ್ರವಾರ ಒಂದು ದಿನ ಕಾರ್ಖಾನೆಗೆ ರಜೆ. ಹೀಗೆ, ಇಡೀ ಜನ್ಮ ಯಾವುದರಿಂದ ಓಡಿದರೋ ಅದು ಇರುವ ಬೀದಿಯಲ್ಲೇ ಸಾಲ ತೆಗೆದು ಗೃಹಪ್ರವೇಶ ಮಾಡಿದರು.

ಮೇಷ್ಟ್ರು ಸುಮ್ಮನೆ ಕೂರುವವರಲ್ಲ. ಬಡಾವಣೆಯ ಸಂಘ ಕಟ್ಟಿ ತಾವೇ ಅಧ್ಯಕ್ಷರಾದರು. ಎದುರು ಮನೆಯ ಸುನಂದಳನ್ನು ಕಾರ್ಯದರ್ಶಿ ಮಾಡಿದರು. ಫಿಲೇಚರ್ ಮುಚ್ಚಿಸಬೇಕೆಂದು ಅರ್ಜಿ ಬರೆದರು. ಆಹಾ, ಎಂಥ ಅರ್ಜಿ! ‘ತುತ್ತು ಬಾಯಿಗಿಡುವಷ್ಟರಲ್ಲಿ ದುರ್ಗಂಧವು ಗಂಟಲನ್ನು ಹಿಡಿಯುತ್ತದೆ, ಬಂಧುಗಳು ಹೊಸ್ತಿಲಿನಿಂದಲೇ ಹಿಂದಿರುಗುತ್ತಾರೆ’ ಎಂಬ ಸಾಲನ್ನು ಹೆಂಡತಿ ಭಾರತಮ್ಮನಿಗೆ ಎರಡು ಸಲ ಓದಿ ಹೇಳಿದರು. ಆಕೆ ದೇವರಾಯಸಮುದ್ರದ ಕಡೆಯವರು, ಹೊಗಳಿಕೆಯಲ್ಲಿ ಬಿಗಿ. “ಬಂಧುಗಳು ಬರ್ದೇ ಇರೋದು ವಾಸ್ನೆಗಲ್ಲ ಬಿಡಿ” ಎಂದರು.

ಮನೆಗೂ ಒಂದು ಕಾನೂನು ಬಂತು. ಕೆಲಸದ ಗಂಗಾಲಕ್ಷ್ಮಿ ಮಧ್ಯಾಹ್ನದವರೆಗೆ ಫಿಲೇಚರ್‌ನಲ್ಲಿ ನೂಲು ಬಿಚ್ಚಿ, ಆಮೇಲೆ ಇವರ ಮನೆಗೆ ಪಾತ್ರೆ ತೊಳೆಯಲು ಬರುತ್ತಿದ್ದಳು. ಅವಳು ಮುಂಬಾಗಿಲಿಗೆ ಬರಕೂಡದು. ಮನೆ ಸುತ್ತಿಕೊಂಡು ಹಿತ್ತಲಿಗೆ ಹೋಗಿ, ನಲ್ಲಿಯಲ್ಲಿ ಕೈಕಾಲು ತೊಳೆದು, ತಂತಿಯ ಮೇಲಿನ ಬೇರೆ ಸೀರೆ ಉಟ್ಟು ಒಳಗೆ ಬರಬೇಕು. ಅವಳು ಆಂಧ್ರದ ಗಡಿಯ ರಾಯಲ್ಪಾಡಿನವಳು, ತೆಲುಗು ಬೆರೆತ ಬಾಯಿ ಸುಮ್ಮನಿರದು. “ಅಟ್ಲಾಗೇ ಮೇಷ್ಟ್ರೇ, ನೀವು ದೇವ್ರು, ನಾನು ಪೂಜಾರಿ, ತೊಳ್ಕೊಂಡೇ ಬರ್ತೀನಿ” ಎಂದಳು.

ಇನ್ನು ಮೀನಿನ ವಿಷಯ. ನಿವೃತ್ತಿಯಾದವನ ಕೈಗೆ ಮೊಬೈಲು ಸಿಕ್ಕಿದರೆ ಏನಾಗಬೇಕೋ ಅದೇ ಆಯಿತು. ಯಾವುದೋ ವಿಡಿಯೋ ನೋಡುತ್ತಿದ್ದವರಿಗೆ ಜಪಾನಿನ ಕೊಯ್ ಮೀನು ಕಣ್ಣಿಗೆ ಬಿತ್ತು. ಬಿಳಿ ಮೈ, ಬೆನ್ನ ಮೇಲೆ ಕುಂಕುಮ ಚೆಲ್ಲಿದ ಹಾಗೆ ಕೆಂಪು. ವಾಸನೆಯಿಲ್ಲ, ಸದ್ದಿಲ್ಲ, ಸುಮ್ಮನೆ ತೇಲುವ ಶ್ರೀಮಂತಿಕೆ. ಚೆನ್ನೈನ ಅಂಗಡಿಯೊಂದು ಆನ್‌ಲೈನಿನಲ್ಲಿ ತರಿಸಿಕೊಡುತ್ತಿತ್ತು. ವಧುವಿನ ಫೋಟೋ ನೋಡಿದ ಹಾಗೆ ಒಂದೊಂದೇ ಮೀನಿನ ವಿಡಿಯೋ ನೋಡಿ ಆರಿಸಬೇಕು. ಮೇಷ್ಟ್ರು ಒಂದು ವಾರ ನೋಡಿ ಒಂದನ್ನು ಒಪ್ಪಿದರು. ಬೆಲೆಯನ್ನು ಹೆಂಡತಿಗೆ ಅರ್ಧ ಮಾಡಿ ಹೇಳಿದರು. ಆ ಅರ್ಧಕ್ಕೇ ಭಾರತಮ್ಮ, “ಮೂಗಿಗಿಂತ ಮೂಗುತಿ ಭಾರ ಆಯ್ತು ಕಣ್ರೀ” ಎಂದರು.

ಪರವಾನಗಿಯ ಕಾಗದಪತ್ರ ಮುಗಿಸಿ, ವಿಮಾನ ಹತ್ತಿ, ಚೆನ್ನೈನಲ್ಲಿ ತಪಾಸಣೆಯ ಪಶುವೈದ್ಯರ ಕಣ್ಣಿಗೆ ಬಿದ್ದು, ಕೊನೆಗೆ ಥರ್ಮಾಕೋಲಿನ ಪೆಟ್ಟಿಗೆಯಲ್ಲಿ ಕಾರಿನಲ್ಲಿ ಬಂದಿಳಿಯಿತು ಮೀನು. ಹಾಲ್‌ನಲ್ಲಿ ಮೆಟ್ಟಿಲ ಕೆಳಗೆ ಕಟ್ಟಿಸಿದ್ದ ಟೈಲ್ಸಿನ ತೊಟ್ಟಿಗೆ ಬಿಟ್ಟರು. ರಾಣಿ ಎಂದು ಹೆಸರಿಟ್ಟರು. ಬಡಾವಣೆಯೇ ಬಂದು ನೋಡಿತು. ಸುನಂದ ಸೆಲ್ಫಿ ತೆಗೆದುಕೊಂಡು, “ಅಂಕಲ್, ನಮ್ಮ ಲೇಔಟಿಗೆ ಇವತ್ತು ಒಂದು ಸ್ಟ್ಯಾಂಡರ್ಡ್ ಬಂತು” ಎಂದಳು. ಜಪಾನಿ ಅಕ್ಷರವಿದ್ದ ಪೆಟ್ಟಿಗೆಯನ್ನು ಮೇಷ್ಟ್ರು ಶೋಕೇಸಿನಲ್ಲಿ ಇಟ್ಟರು.

ಆದರೆ ರಾಣಿ ಊಟ ಮಾಡಲಿಲ್ಲ. ಅಂಗಡಿಯವರೇ ಕಳಿಸಿದ್ದ ಫಾರಿನ್ ಗುಳಿಗೆ ಬಿಸ್ಕತ್ತಿನ ಹಾಗೆ ಘಮಘಮ ಅನ್ನುತ್ತಿತ್ತು. ಮೇಷ್ಟ್ರಿಗೇ ಒಂದು ಬಾಯಿಗೆ ಹಾಕಿಕೊಳ್ಳೋಣ ಅನ್ನಿಸುವಷ್ಟು. ರಾಣಿ ಅದರತ್ತ ತಿರುಗಿಯೂ ನೋಡದೆ ತೊಟ್ಟಿಯ ಮೂಲೆ ಹಿಡಿಯಿತು. ಅಂಗಡಿಗೆ ಫೋನು ಮಾಡಿದರೆ, “ಹೊಸ ಜಾಗ ಸಾರ್, ವೈಟ್ ಮಾಡಿ” ಅಂದರು. ಕಾದರು. ಕೆಂಪು ಬಣ್ಣ ಮಾಸಿತು, ಹೊಟ್ಟೆ ಒಳಗೆ ಹೋಯಿತು. ಮೊದಮೊದಲು ಮೇಷ್ಟ್ರಿಗೆ ಇದ್ದದ್ದು ಜನ ಏನಂತಾರೆ ಎಂಬ ಚಿಂತೆ. ಆಮೇಲಾಮೇಲೆ ಅದೂ ಹೋಯಿತು. ಅದು ಸೊರಗುವುದನ್ನು ನೋಡಿ ಅವರಿಗೇ ಅನ್ನ ಇಳಿಯದಾಯಿತು. ತೊಟ್ಟಿಯ ಪಕ್ಕ ಮಣೆ ಹಾಕಿಕೊಂಡು ಕೂತು, “ತಿನ್ನಮ್ಮ, ಒಂದೇ ಒಂದು ತಿನ್ನು” ಎಂದು ಬೇಡುತ್ತಿದ್ದರು. ಮೂವತ್ತೈದು ವರ್ಷ ಮಕ್ಕಳನ್ನು ಗದರಿಸಿದ ಬಾಯಿ ಅದು.

ಕಡೆಗೆ ಭಾರತಮ್ಮನೇ ಮೊಬೈಲು ಹಿಡಿದು ರಾಣಿಯ ತವರಿನ ವಿಡಿಯೋ ಹಾಕಿದರು. ಜಪಾನಿನ ಮುದುಕನೊಬ್ಬ ಕೊಳದ ದಂಡೆಯಲ್ಲಿ ನಿಂತು ಬಕೆಟ್ಟಿನಿಂದ ಏನೋ ಎರಚುತ್ತಿದ್ದ. ಮೀನುಗಳು ಒಂದರ ಮೇಲೊಂದು ಬಿದ್ದು ತಿನ್ನುತ್ತಿದ್ದವು.

“ರೀ, ಇಲ್ಲಿ ನೋಡಿ. ಈ ಯಜಮಾನಪ್ಪ ಎರಚ್ತಾ ಇರೋದು ನಮ್ಮ ಹುಳ ಅಲ್ವಾ?”

ಮೇಷ್ಟ್ರು ಚಿತ್ರ ದೊಡ್ಡದು ಮಾಡಿ ನೋಡಿದರು. ಕಂದು ಬಣ್ಣ, ಗುಂಡು ಹೊಟ್ಟೆ, ಮೈತುಂಬ ಉಂಗುರ. ಹುತ್ತೂರಿನಲ್ಲಿ ಹುಟ್ಟಿದವರಿಗೆ ಅದನ್ನು ಗುರುತಿಸಲು ಜಪಾನಿ ಭಾಷೆ ಬೇಕಾಗಿರಲಿಲ್ಲ. ಅವರು ಮೊಬೈಲನ್ನು ಮಗುಚಿಟ್ಟರು.

ಮರುದಿನ ಗಂಗಾಲಕ್ಷ್ಮಿಯನ್ನು ಹಿತ್ತಲಿನಲ್ಲಿ ಒಬ್ಬಳೇ ಇದ್ದಾಗ ಹಿಡಿದು, ದನಿ ತಗ್ಗಿಸಿ, ಒಂದು ಹಿಡಿ ಹುಳ ತರಲು ಹೇಳಿದರು. ಯಾರಿಗೂ ಹೇಳಬಾರದು ಎಂದರು. ಅವಳು ಮಾರನೆಯ ದಿನ ಟಿಫನ್ ಡಬ್ಬಿಯಲ್ಲಿ ತಂದಳು. ಕಾನೂನಿನಂತೆ ನಲ್ಲಿಯಲ್ಲಿ ಕೈಕಾಲು ತೊಳೆದಳು, ಸೀರೆ ಬದಲಾಯಿಸಿದಳು, ಡಬ್ಬಿ ಎತ್ತಿ ಹಿಡಿದಳು.

“ಇದಕ್ಕೂ ಸ್ನಾನ ಮಾಡಿಸ್ಲಾ ಮೇಷ್ಟ್ರೇ?”

“ಬಾಯಿ ಮುಚ್ಕೊಂಡು ಒಳಗೆ ಬಾ ಕಣೇ” ಎಂದರು ಮೇಷ್ಟ್ರು.

ಕರವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡು ಒಂದು ಹುಳ ಹಾಕಿದರು. ಮೂಲೆಯಲ್ಲಿದ್ದ ರಾಣಿ ತಿರುಗಿತು, ಬಂತು, ಗುಳುಂ ಅಂತ ನುಂಗಿತು. ಇನ್ನೊಂದು ಹಾಕಿದರು, ಅದನ್ನೂ ನುಂಗಿತು. ಡಬ್ಬಿ ಖಾಲಿಯಾದ ಮೇಲೆ ಅವರ ಬೆರಳನ್ನೇ ಬಾಯಲ್ಲಿ ಹಿಡಿದು ಚೀಪಿತು. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಅದು ಸಂತೋಷಕ್ಕೇ, ವಾಸನೆಗಲ್ಲ.

ಅಂದಿನಿಂದ ದಿನಾ ಡಬ್ಬಿ ಬಂತು. ರಾಣಿ ಮೈ ತುಂಬಿಕೊಂಡಿತು, ಕುಂಕುಮ ಮತ್ತೆ ಕೆಂಪಾಯಿತು. ಹಾಲ್‌ನಲ್ಲಿ ಊದುಬತ್ತಿಯ ಖರ್ಚೂ ಹೆಚ್ಚಾಯಿತು. ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಸುನಂದ ಸ್ವೀಟ್ ಬಾಕ್ಸ್ ಹಿಡಿದು ಬಂದಳು.

“ಅಂಕಲ್, ನಿಮ್ಮ ಅರ್ಜಿ ಕೆಲಸ ಮಾಡ್ತು. ಗುರುವಾರ ಕೋಲಾರದಿಂದ ಆಫೀಸರ್ ಬರ್ತಾರಂತೆ. ವಾಸ್ನೆ ಇದ್ರೆ ಅವತ್ತೇ ಬೀಗ.”

ಮೇಷ್ಟ್ರ ಕೈಯಲ್ಲಿದ್ದ ಮೈಸೂರುಪಾಕು ಕೈಯಲ್ಲೇ ಉಳಿಯಿತು. ಅರ್ಜಿ ಗೆದ್ದರೆ ರಾಣಿಗೆ ಊಟವಿಲ್ಲ. ಸುತ್ತಮುತ್ತ ಇನ್ನೊಂದು ಫಿಲೇಚರ್ ಇಲ್ಲ. ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ.

“ಅಲ್ಲಮ್ಮ, ಬಡವರ ಹೆಣ್ಣುಮಕ್ಕಳು ದುಡಿಯೋ ಜಾಗ. ಪಾಪ, ಬಿಟ್ಟುಬಿಡೋಣ್ವಾ?”

“ಇದೇ ಮಾತು ಹೋದ್ಸಲ ನಾನು ಹೇಳಿದ್ದಕ್ಕೆ ನೀವು ಅರ್ಧ ಗಂಟೆ ಪಾಠ ಮಾಡಿದ್ರಿ ಅಂಕಲ್” ಎಂದಳು ಸುನಂದ. “ಈಗ ಹಿಂದೆ ಸರಿದ್ರೆ ಮುಖ್ತಿಯಾರ್ ಹತ್ರ ದುಡ್ಡು ತಿಂದ್ರು ಅಂತಾರೆ.”

ಮೇಷ್ಟ್ರಿಗೆ ತೋಚಿದ್ದು ಒಂದೇ ದಾರಿ: ಬೀಗ ಬೀಳುವ ಮೊದಲೇ ದಾಸ್ತಾನು ಮಾಡುವುದು. ಒಣಗಿಸಿಟ್ಟರೆ ಹುಳ ತಿಂಗಳುಗಟ್ಟಲೆ ಕೆಡುವುದಿಲ್ಲ. ಗಂಗಾಲಕ್ಷ್ಮಿಯ ಕೈಯಲ್ಲಿ ಹೇಳಿ ಕಳಿಸಿದರು, ಎಷ್ಟಿದ್ದರೆ ಅಷ್ಟೂ ಬೇಕು, ಯಾರಿಗೆ ಎಂದು ಹೇಳಬೇಡ ಎಂದು. ಬುಧವಾರ ಮಸಕು ಬೆಳಕಿನಲ್ಲೇ ಮೂರು ಮೂಟೆ ಹಿತ್ತಲಿಗೆ ಬಂದು ಬಿದ್ದವು. ಭಾರತಮ್ಮ ಸೆರಗು ಮೂಗಿಗೆ ಹಿಡಿದು, “ನಿಮಗೇನು ಬುದ್ಧಿಗಿದ್ದಿ ಕೆಟ್ಟಿದೆಯಾ?” ಎಂದರು. ಮಾವಿನಕಾಯಿ ಒಣಗಿಸುವ ಚಾಪೆಗಳನ್ನೆಲ್ಲ ಮಹಡಿಯ ಮೇಲೆ ಹಾಸಿ ಮೇಷ್ಟ್ರು ಹುಳ ಹರಡಿದರು. ಹುತ್ತೂರಿನಲ್ಲಿ ಅಪ್ಪ ಹರಡುತ್ತಿದ್ದ ಹಾಗೇ, ಅಂಗೈ ಚಪ್ಪಟೆ ಮಾಡಿ. ಕೈ ಮರೆತಿರಲಿಲ್ಲ.

ಗುರುವಾರ ಆಫೀಸರ್ ಅಮರನಾಥ್ ಬಂದರು. ಸುನಂದ ಬಡಾವಣೆಯವರನ್ನೆಲ್ಲ ಕರೆದುಕೊಂಡು ಮುಂದೆ ನಡೆದಳು, ಮೇಷ್ಟ್ರು ಎಲ್ಲರಿಗಿಂತ ಹಿಂದೆ. ಫಿಲೇಚರ್‌ನಲ್ಲಿ ಒಲೆ ಆರಿತ್ತು. ನೆಲ ತೊಳೆದು ಬ್ಲೀಚಿಂಗ್ ಪೌಡರ್ ಹಾಕಿತ್ತು. ಬಾಣಲೆಗಳು ಬೋರಲು ಬಿದ್ದಿದ್ದವು. ಮುಖ್ತಿಯಾರ್ ಬಿಳಿ ಜುಬ್ಬಾ ಹಾಕಿಕೊಂಡು ಕುರ್ಚಿ ಒರೆಸಿ ಕೊಟ್ಟ.

“ಬೆಂದ ಹುಳ ಎಲ್ರೀ?” ಎಂದರು ಅಮರನಾಥ್.

“ಒಂದೂ ಇಲ್ಲ ಸಾರ್. ಯಾರೋ ಪುಣ್ಯಾತ್ಮರು ನಿನ್ನೆ ಅಷ್ಟೂ ತಗೊಂಡೋದ್ರು” ಎಂದ ಮುಖ್ತಿಯಾರ್. ಅವನು ಮೇಷ್ಟ್ರ ಕಡೆ ನೋಡಲಿಲ್ಲ. ನೋಡದೇ ಇದ್ದದ್ದರಲ್ಲೇ ಅವನಿಗೆ ಎಲ್ಲ ಗೊತ್ತಿದೆ ಎಂದು ಮೇಷ್ಟ್ರಿಗೆ ತಿಳಿಯಿತು.

ಅಮರನಾಥ್ ಹೊರಗೆ ಬಂದು ಬೀದಿಯಲ್ಲಿ ನಿಂತರು. ಗಾಳಿ ಬೀಸಿತು. “ವಾಸನೆ ಇರೋದಂತೂ ನಿಜ. ಆದ್ರೆ ಇಲ್ಲಿಂದಲ್ಲ” ಎಂದು ತಲೆಯೆತ್ತಿದರು. ಬೀದಿಯ ಇನ್ನೊಂದು ತುದಿಯಲ್ಲಿ, ಒಂದು ಮನೆಯ ಮಹಡಿಯ ಮೇಲೆ, ಊರಿನ ಕಾಗೆಗಳೆಲ್ಲ ಸಭೆ ಸೇರಿದ್ದವು.

“ಅದು ಯಾರ ಮನೆ?”

ಯಾರೂ ಮೇಷ್ಟ್ರ ಹೆಸರು ಹೇಳಲಿಲ್ಲ. ಆದರೂ ಕುಂಬಳಕಾಯಿ ಕಳ್ಳನ ಹಾಗೆ ಮೇಷ್ಟ್ರೇ, “ಮಹಡಿ ಮೇಲೆ ಏನಿಲ್ಲ, ಹಪ್ಪಳ ಹಾಕಿದ್ದಾರೆ ಅಷ್ಟೇ” ಎಂದರು. ಎಲ್ಲರೂ ಹಪ್ಪಳ ನೋಡಲು ಹತ್ತಿದರು.

ಹತ್ತಿದವರು ಬಹಳ ಹೊತ್ತು ನಿಲ್ಲಲಿಲ್ಲ. ಸುನಂದ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು, “ಅಂಕಲ್, ಇದೇನಿದು?” ಎಂದಳು. ಮೇಷ್ಟ್ರು ಕಾಗೆಗಳನ್ನು ಓಡಿಸಲು ಹೋದರು. ಕೆಳಗಿನಿಂದ ಭಾರತಮ್ಮ ಕೂಗಿ ಹೇಳಿದರು: “ಮೀನಿಗೆ ಕಣಮ್ಮ. ಜಪಾನಿನ ಮೀನಿಗೆ.”

ಅಮರನಾಥ್ ಅರ್ಜಿ ತೆಗೆದು ತಿರುವಿದರು. “‘ತುತ್ತು ಬಾಯಿಗಿಡುವಷ್ಟರಲ್ಲಿ ದುರ್ಗಂಧವು ಗಂಟಲನ್ನು ಹಿಡಿಯುತ್ತದೆ.’ ಚೆನ್ನಾಗಿ ಬರೆದಿದ್ದೀರಿ ಮೇಷ್ಟ್ರೇ, ಸತ್ಯವಾಗಿದೆ” ಎಂದರು. ಫಿಲೇಚರ್ ಮೇಲಿನ ದೂರು ಅಲ್ಲಿಗೆ ಮುಗಿಯಿತು. ಮಹಡಿ ಖಾಲಿ ಮಾಡಲು ಮೇಷ್ಟ್ರಿಗೆ ಒಂದು ದಿನದ ಗಡುವು ಸಿಕ್ಕಿತು. ಅಧ್ಯಕ್ಷಗಿರಿಯನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಮುಂದಿನ ಸಭೆಗೆ ಅವರನ್ನು ಕರೆಯಲಿಲ್ಲ, ಅಷ್ಟೇ.

ಭಾರತಮ್ಮ ಅವತ್ತೇ ಹೇಳಿದರು: “ಇನ್ನು ಮೇಲೆ ಒಂದು ಹುಳವೂ ಈ ಹೊಸ್ತಿಲು ದಾಟಬಾರದು. ಡಬ್ಬೀಲೂ ಇಲ್ಲ. ಮೀನು ಇಟ್ಕೊಳ್ತೀರೋ ಬಿಡ್ತೀರೋ ನಿಮ್ಮಿಷ್ಟ.”

ಮೇಷ್ಟ್ರು ತೊಟ್ಟಿಯ ಪಕ್ಕ ಕೂತರು. ರಾಣಿ ಬಂದು ಬೆರಳು ಹುಡುಕಿತು. ಸಂಜೆ ಚಪ್ಪಲಿ ಮೆಟ್ಟಿ ಫಿಲೇಚರ್‌ಗೆ ಹೋದರು.

“ಬನ್ನಿ ಮೇಷ್ಟ್ರೇ. ಇನ್ನೊಂದು ಅರ್ಜಿನಾ?” ಎಂದ ಮುಖ್ತಿಯಾರ್.

“ಅರ್ಜಿನೇ ಕಣಪ್ಪ” ಎಂದರು ಮೇಷ್ಟ್ರು. “ನಿನ್ನ ಅಂಗಳದಲ್ಲಿ ನೀರಿನ ತೊಟ್ಟಿ ಇದೆಯಲ್ಲ. ಅದರಲ್ಲಿ ನಮ್ಮ ಮೀನಿಗೆ ಸ್ವಲ್ಪ ಜಾಗ ಕೊಡ್ತೀಯಾ?”

ಮುಖ್ತಿಯಾರ್ ನಗಲಿಲ್ಲ. ಗಡ್ಡ ನೀವಿಕೊಂಡು, “ನಮ್ಮ ಕಡೆ ಸ್ವಲ್ಪ ವಾಸ್ನೆ ಇರ್ತದೆ. ಮೀನಿಗೆ ಪರವಾಗಿಲ್ಲ ತಾನೆ?” ಎಂದ.

ಈಗ ರಾಣಿ ಬೇವಿನ ಮರದ ಕೆಳಗೆ, ಮುಖ್ತಿಯಾರ್‌ನ ಸಿಮೆಂಟು ತೊಟ್ಟಿಯಲ್ಲಿದೆ, ಮೊಳದುದ್ದ ಬೆಳೆದಿದೆ. ಮೇಷ್ಟ್ರು ದಿನಾ ಮಧ್ಯಾಹ್ನ ಹೋಗಿ ಕೂರುತ್ತಾರೆ. ಪಕ್ಕದಲ್ಲೇ ಗೂಡು ಬೇಯುತ್ತಿರುತ್ತದೆ. ಮೊದಲ ವಾರ ಕರವಸ್ತ್ರ ಕಟ್ಟಿದರು, ಎರಡನೆಯ ವಾರ ಮರೆತರು. ಒಂದು ದಿನ ಮುಖ್ತಿಯಾರ್ ಕೊಟ್ಟ ಚಹಾ ಕುಡಿಯುತ್ತಿರುವಾಗ, ತಮಗೆ ಯಾವ ವಾಸನೆಯೂ ಬರುತ್ತಿಲ್ಲ ಎಂಬುದು ಗಮನಕ್ಕೆ ಬಂತು. ಮೂಗು ಹೋಯಿತೇ ಎಂದು ಹೆದರಿ ಚಹಾ ಮೂಸಿದರು. ಶುಂಠಿ ಇತ್ತು. ಸಮಾಧಾನದಿಂದ ಮನೆಗೆ ಹೊರಟರು.

ಮುಂಬಾಗಿಲು ತೆರೆದಿತ್ತು. ಗಂಗಾಲಕ್ಷ್ಮಿ ಹಾಲ್‌ನ ನೆಲ ಒರೆಸುತ್ತಿದ್ದಳು. ಮೇಷ್ಟ್ರು ಹೊಸ್ತಿಲ ಮೇಲೆ ಕಾಲಿಟ್ಟರು. ಅವಳು ಕೈ ನಿಲ್ಲಿಸಿ ಮೂಗು ಅರಳಿಸಿದಳು.

“ಮೇಷ್ಟ್ರೇ, ಇಟ್ಲಾ ಬರ್ಬೇಡಿ, ಒರೆಸಿದೀನಿ. ಹಿತ್ತಲಲ್ಲಿ ನಲ್ಲಿ ಐತಲ್ಲ.”

ಮೇಷ್ಟ್ರು ಒಳಗಿದ್ದ ಹೆಂಡತಿಯ ಮುಖ ನೋಡಿದರು. ಭಾರತಮ್ಮ ಆಗಲೇ ಟವೆಲು ಹುಡುಕುತ್ತಿದ್ದರು. ಮೇಷ್ಟ್ರು ಇಟ್ಟ ಕಾಲನ್ನು ಹಿಂದಕ್ಕೆ ತೆಗೆದು, ಮನೆ ಸುತ್ತಿಕೊಂಡು ಹಿತ್ತಲಿಗೆ ಹೋದರು. ತಂತಿಯ ಮೇಲೆ ಗಂಗಾಲಕ್ಷ್ಮಿ ಬಿಚ್ಚಿ ಹಾಕಿದ ಸೀರೆಯ ಪಕ್ಕದಲ್ಲಿ ಅವರದೊಂದು ಪಂಚೆ ಮಡಿಸಿಟ್ಟಿತ್ತು.