ಎಡಮೂಲೆಯ ಗೋಡೆ

ಗೋಡೆಗೆ ಚೆಂಡು ಬಡಿದ ಸದ್ದು, ಮತ್ತೆ ಎಡಮೂಲೆಯಲ್ಲೇ, ತಿರುಗಿ ನೋಡಬೇಕಾಗಿಲ್ಲ, ಸುಣ್ಣದ ಮೇಲಿನ ಆ ದುಂಡನೆಯ ಕಂದು ಕಲೆ ಇನ್ನಷ್ಟು ಕಪ್ಪಾಗಿರುತ್ತದೆ, ಸಾರಿ ಮೇಡಂ, ಕೈ ತಾನಾಗೇ ಅತ್ತ ಹೋಯ್ತು, ಅನ್ನುತ್ತಾಳೆ ಕುಳ್ಳಿ, ಪಾಸ್ ಕೊಡುವುದರಲ್ಲಿ ಇವಳದು ಎತ್ತಿದ ಕೈ, ಆದರೆ ಆ ಕೈ ಹೋಗುವುದು ನನ್ನ ಮಗಳು ನಿಲ್ಲುತ್ತಿದ್ದ ಜಾಗಕ್ಕೆ, ಹೋದ ವರ್ಷದ ನಾಯಕಿ, ಜ್ವರ ಅಂತ ಮಲಗಿದವಳು ಏಳಲೇ ಇಲ್ಲ — ನೋಡದೆ ಎಸೆಯಿರಿ ಅಂತ ಕಲಿಸಿದವಳು ನಾನೇ, ನೋಡಿದ್ರೆ ಎದುರಿನವರಿಗೂ ಗೊತ್ತಾಗತ್ತೆ ಕಣ್ರೇ, ಕಣ್ಣು ಬಲಕ್ಕಿರಲಿ, ಚೆಂಡು ಎಡಮೂಲೆಗೆ ಹೋಗಲಿ, ಅವಳು ಅಲ್ಲಿ ಇದ್ದೇ ಇರ್ತಾಳೆ, ಇರುತ್ತಿದ್ದಳು, ಅವಳಿದ್ದಾಗ ಆ ಗೋಡೆಗೆ ಚೆಂಡು ತಾಕಿದ್ದೇ ಇಲ್ಲ, ಈ ಸಲ ಆ ಮೂಲೆಗೆ ಯಾರನ್ನೂ ನಿಲ್ಲಿಸದೆ ಆಟವನ್ನೆಲ್ಲ ಬಲಕ್ಕೆ ತಿರುಗಿಸಿದೆ, ಹುಡುಗಿಯರ ತಲೆ ಬಲಕ್ಕೆ ತಿರುಗಿತು, ಕೈ ತಿರುಗಲಿಲ್ಲ, ಗೆಲ್ಲಬೇಕಾದ ಪಂದ್ಯಗಳೆಲ್ಲ ಅಲ್ಲೇ ಗೆರೆ ದಾಟಿ ಉರುಳಿಹೋದವು, ನಾವು ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗೆ ಬಂದು ಕೂತೆವು, ಯಾರಿಗೆ ಕೊಡ್ತಿದೀಯೇ, ದೆವ್ವಕ್ಕಾ, ಅಂತ ಎದುರು ತಂಡದವಳು ನಕ್ಕಳು, ಆವತ್ತು ಕುಳ್ಳಿ ಬೂಟಿನ ದಾರವನ್ನೂ ಬಿಚ್ಚದೆ ಬೆಂಚಿನ ಮೇಲೆ ಕೂತೇ ಇದ್ದಳು.

ಬಾಗಿಲ ಹತ್ತಿರ ಕಡ್ಡಿ ನಿಂತಿದ್ದಾಳೆ, ಈ ಸಲ ಸೇರಿದವಳು, ಉದ್ದನೆಯ ಕೈ, ಎಡಗೈ ಆಟ, ದಿನಾ ಒಂದೇ ಪ್ರಶ್ನೆ, ಮೇಡಂ ನಾನೆಲ್ಲಿ ನಿಲ್ಲಲಿ, ದಿನಾ ನನ್ನದೂ ಒಂದೇ ಉತ್ತರ, ಹೋಗು, ಅಂಗಳ ಸುತ್ತು, ನಿನ್ನೆ ಅವಳಮ್ಮ ಬಂದಿದ್ದರು, ಬರೀ ಓಡೋದೇ ಆದ್ರೆ ನಮ್ಮ ಬೀದೀಲೇ ಓಡ್ತಾಳೆ ಬಿಡಿ, ಬೇರೆ ತಂಡದವರು ಕರೀತಿದಾರೆ, ನಾಳೆ ಒಂದು ಮಾತು ಹೇಳಿಬಿಡಿ — ನಾಳೆ ಅಂದರೆ ಈವತ್ತು, ಇವಳೂ ಹೋದರೆ ಕುಳ್ಳಿಯ ಚೆಂಡು ಹಿಡಿಯುವವರು ಇನ್ಯಾರೂ ಇಲ್ಲ, ಮನೆಯಲ್ಲಿ ನಮ್ಮ ಯಜಮಾನರು ಒಣಗಿದ ಬಟ್ಟೆ ಮಡಚುತ್ತಾ, ಮುಖ ಎತ್ತದೆ, ಅದು ಜಾಗ ಕಣೇ, ಸಮಾಧಿ ಅಲ್ಲ, ಅಂದರು, ಅಂದವರೇ ಅದೇ ಅಂಗಿಯನ್ನು ಬಿಚ್ಚಿ ಮತ್ತೆ ಮಡಚಿದರು, ಮನೆಯಲ್ಲಿ ಅಮ್ಮ, ಅಂಕಣದಲ್ಲಿ ಮೇಡಂ, ಅದು ನನ್ನ ಮಗಳೇ ಮಾಡಿಕೊಂಡ ನಿಯಮ, ಆದರೂ ಹಲ್ಲುಜ್ಜುವಾಗ ಬಾಯಿ ತುಂಬ ನೊರೆ ಇಟ್ಟುಕೊಂಡು, ಮೇಡಂ, ನಿಮ್ಮ ಮಗಳನ್ನ ಸ್ವಲ್ಪ ಮಲಗಕ್ಕೆ ಬಿಡ್ರೀ, ಅನ್ನುತ್ತಿದ್ದಳು, ಆಮೇಲೆ ಆಸ್ಪತ್ರೆಯ ಮಂಚದಲ್ಲಿ, ನಾನು ಯಾರೆಂದು ತಿಳಿಯದೆಯೋ ತಿಳಿದೋ, ಮೇಡಂ, ಸುಸ್ತಾಗಿದೆ, ಸ್ವಲ್ಪ ಹೊತ್ತು ಕೂತ್ಕೊಳ್ಲಾ — ಕೂತ್ಕೋ ಅಂದೆ, ಕೂತ್ಕೋ ಪುಟ್ಟಿ, ಈವರೆಗೂ ಏಳು ಎಂದು ಹೇಳಿಲ್ಲ, ಯಾರಿಗೂ ಆ ಜಾಗ ಕೊಟ್ಟಿಲ್ಲ, ಮೇಡಂ, ಕಡ್ಡಿಯ ದನಿ, ಅಮ್ಮ ಹೊರಗೆ ಕಾಯ್ತಿದಾರೆ, ಏನು ಹೇಳಲಿ, ನನ್ನ ಕೊರಳಿನ ಸೀಟಿ ಬೆವರಿಗೆ ಅಂಟಿಕೊಂಡಿದೆ, ಕೈ ಎತ್ತುತ್ತೇನೆ, ಬೆರಳು ತೋರಿಸುತ್ತದೆ, ಅಲ್ಲಿ, ಅಲ್ಲಿ ಹೋಗಿ ನಿಂತ್ಕೋ, ಅವಳು ಓಡುತ್ತಾಳೆ, ಬೂಟು ಕಿರ್ ಎನ್ನುತ್ತದೆ, ಕುಳ್ಳಿ ನನ್ನನ್ನೇ ನೋಡುತ್ತಾಳೆ, ನೋಡ್ಬೇಡ ಕಣೇ, ಎಸಿ, ಕಣ್ಣು ಬಲಕ್ಕೆ, ಚೆಂಡು ಎಡಕ್ಕೆ, ನಾನು ಕಣ್ಣು ಮುಚ್ಚಿ ಕಾಯುತ್ತೇನೆ, ಗೋಡೆಯ ಸದ್ದಿಗೆ, ಬರಲಿಲ್ಲ, ಇನ್ನೂ ಬರಲಿಲ್ಲ, ಯಾಕೆ ಬರಲಿಲ್ಲ — ಕಣ್ಣು ತೆರೆದರೆ ಚೆಂಡು ಆ ಉದ್ದನೆಯ ಕೈಗಳಲ್ಲಿದೆ, ಅವಳ ಬೆನ್ನ ಹಿಂದೆ ಮುಚ್ಚಿಹೋಗಿದೆ ಆ ಕಲೆ, ದುಂಡನೆಯ, ಕಂದು, ಆ ಕಲೆ