ದಾರದ ಟೀಚರ್

ಅವನು ಗಾಜಿನ ಮೇಲೆ ಗೀರು ಎಳೆದು ಮೇಜಿನ ಅಂಚಿಗೆ ಒತ್ತಿ ಪಟ್ಟನೆ ಮುರಿದ. ಮುರಿದ ತುಂಡನ್ನು ಫೋಟೋದ ಕಟ್ಟಿನೊಳಗೆ ಇಳಿಸಿದರೆ ಒಂದು ಬೆರಳಿನಷ್ಟು ಕಡಿಮೆ ಬಿತ್ತು. ಐವತ್ತು ವರ್ಷದಿಂದ ಊರವರ ಫೋಟೋಗಳಿಗೆ ಕಟ್ಟು ಹಾಕುತ್ತ ಬಂದ ಕೈ ಅದು. ಕಣ್ಣಂದಾಜಿನಲ್ಲೇ ಗಾಜು ಕೊಯ್ದರೂ ಕೂದಲೆಳೆಯಷ್ಟು ಆಚೀಚೆ ಆದದ್ದಿಲ್ಲ. ಅವನು ಆ ತುಂಡನ್ನು ಬೆಳಕಿಗೆ ಹಿಡಿದು, ತಪ್ಪು ಗಾಜಿನದೇ ಇರಬಹುದೇನೋ ಎನ್ನುವ ಹಾಗೆ ನೋಡಿದ.

"ಅಪ್ಪಾ, ಇನ್ನೂ ಇಲ್ಲೇ ಇದೀಯಾ?" ಮಗಳು ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. "ಗಾಡಿ ಬಂದು ಆಗಲೇ ಅರ್ಧ ಗಂಟೆ ಆಯ್ತು. ಎಲ್ಲರೂ ಕಾಯ್ತಿದ್ದಾರೆ."

"ನಿಮ್ಮಮ್ಮನ ಫೋಟೋಗೆ ಗಾಜು ಸಾಲ್ತಿಲ್ಲ ಕಣೇ."

"ಗಾಜಿಲ್ದೆ ಇದ್ರೆ ಏನಾಗತ್ತೆ ಇವಾಗ?"

"ಧೂಳು ಕೂರತ್ತೆ."

"ಒರೆಸಿದರಾಯ್ತು. ಏಳಪ್ಪ." ಮಗಳು ಒಳಗೆ ಬಂದು ಅವನ ತೋಳಿಗೆ ಅಂಟಿದ್ದ ಮರದ ಪುಡಿ ಕೊಡವಿದಳು. ಆಮೇಲೆ ಫೋಟೋ ಎತ್ತಿಕೊಂಡಳು. ಶಾಲೆಯಲ್ಲಿ ಯಾರೋ ತೆಗೆದದ್ದು. ಅವನ ಹೆಂಡತಿ, ಊರಿನ ಟೀಚರ್, ಕ್ಯಾಮೆರಾ ಕಡೆ ನೋಡುತ್ತಿಲ್ಲ. ಕಟ್ಟಿನಾಚೆ ಎಲ್ಲೋ ಕೂತ ಮಗುವಿಗೆ ಏನೋ ಹೇಳುತ್ತ, ಬಾಯಿ ಅರ್ಧ ತೆರೆದಿದ್ದಾಳೆ.

ಮೊನ್ನೆ ಮಧ್ಯಾಹ್ನ ಅವಳು ಬೆತ್ತದ ಕುರ್ಚಿಯಲ್ಲಿ ಕೂತಿದ್ದಳು. "ರೀ, ಸ್ವಲ್ಪ ಕಣ್ಣು ಮುಚ್ತೀನಿ. ಹತ್ತು ನಿಮಿಷ ಬಿಟ್ಟು ಎಬ್ಬಿಸಿ" ಎಂದಿದ್ದಳು. ಪಾಪ ಮಲಗಲಿ ಅಂತ ಅವನು ಇನ್ನೂ ಹತ್ತು ನಿಮಿಷ ಬಿಟ್ಟ. ಆಮೇಲೆ ಇನ್ನೂ ಹತ್ತು. ಅವತ್ತಿನಿಂದ ಲೋಕದ ಸದ್ದೆಲ್ಲ ಅವನಿಗೆ ನೀರಿನೊಳಗಿಂದ ಬಂದಂತೆ ಕೇಳಿಸುತ್ತಿತ್ತು. ಯಾರು ಏನು ಕೊಟ್ಟರೂ ತಿಂದ, ಎಲ್ಲಿ ಕೂರಿಸಿದರೂ ಕೂತ. ಕನಸಿನಲ್ಲಿ ನಡೆಯುವವನ ಹಾಗೆ, ಈಗಲೂ ಮಗಳ ಹಿಂದೆ ಹೊರಟ.

* * *

ಸ್ಮಶಾನದ ಪಕ್ಕದ ಹಾಲ್ ತುಂಬಿಹೋಗಿತ್ತು. ಮಡಚುವ ಕುರ್ಚಿಗಳು ಸಾಲದೆ ಗೋಡೆಗುಂಟ ಜನ ನಿಂತಿದ್ದರು. ಅವನಿಗೆ ಮುಂದಿನ ಸಾಲಿನಲ್ಲಿ ಜಾಗ. ಎದುರಿಗೆ ಅವಳನ್ನು ಮಲಗಿಸಿದ ಪೆಟ್ಟಿಗೆ, ಅದರ ಮೇಲೆ ಹೂವು, ಪಕ್ಕದ ಸ್ಟೂಲಿನ ಮೇಲೆ ಗಾಜಿಲ್ಲದ ಫೋಟೋ. ಹಿಂದಿನ ಸಾಲಿನ ಮಾತು ಕೇಳಿಸುತ್ತಿತ್ತು.

"ನಮ್ಮ ಮನೇಲಿ ಮೂರೂ ಜನಕ್ಕೆ ಇವರೇ ಲೆಕ್ಕ ಹೇಳಿಕೊಟ್ಟಿದ್ದು" ಎಂದಿತು ಒಂದು ಹೆಣ್ಣು ದನಿ.

"ನಾನಂತೂ ಇವತ್ತಿಗೂ ಬಟ್ಟೆ ಕತ್ತರಿಸೋ ಮುಂಚೆ ಮನಸ್ಸಲ್ಲೇ ಕೇಳ್ಕೋತೀನಿ, ಸುತ್ತಳತೆನಾ ವಿಸ್ತೀರ್ಣಾನಾ ಅಂತ. ಅಂಚಿಗೆ ಲೇಸ್ ಹೊಲಿಯೋಕೆ ಒಂದು, ಒಳಗೆ ಮೈ ಹಿಡಿಸೋಕೆ ಇನ್ನೊಂದು" ಎಂದ ಬೀದಿಯ ಟೈಲರ್.

"ಪರ್ಸಿಂದ ಆ ದಾರ ತೆಗೆದ್ರು ಅಂದ್ರೆ ಸಾಕು. ಇಬ್ಬಿಬ್ಬರು ಎದುರು ಬದುರು ಕೂತು ಬೆರಳು ಚಾಚಿ ದಾರ ಸಿಕ್ಕಿಸ್ಕೊಳ್ಳೋದು. ನಾಲ್ಕು ಬೆರಳು, ನಾಲ್ಕು ಮೂಲೆ. ಅಗಲ ಮಾಡಿ ಅನ್ನೋರು, ಕಿರಿದು ಮಾಡಿ ಅನ್ನೋರು. ಒಳಗೆ ಹುಣಸೆಬೀಜ ತುಂಬಿಸಿ ಎಣಿಸೋದು."

"ನಾನು ಬೀಜ ಬಾಯಿಗೆ ಹಾಕ್ಕೊಂಡು ಸಿಕ್ಕಿಹಾಕ್ಕೊಂಡಿದ್ದೆ. 'ನಿನ್ನ ಹೊಟ್ಟೆಯ ವಿಸ್ತೀರ್ಣ ಆಮೇಲೆ ನೋಡೋಣ ಮಗಾ' ಅಂದಿದ್ರು."

ಹಿಂದೆ ಸಣ್ಣ ನಗು ಎದ್ದು, ಜಾಗ ನೆನಪಾಗಿ ಅಡಗಿತು. ಅವನಿಗೂ ನಗು ಬಂತು. ಮನೆಗೆ ಹೋಗಿ ಅವಳಿಗೆ ಹೇಳಬೇಕು ಅಂದುಕೊಂಡ. ಅಂದುಕೊಂಡ ಮೇಲೆ ಎದುರಿನ ಪೆಟ್ಟಿಗೆ ಕಣ್ಣಿಗೆ ಬಿತ್ತು.

ಹಳೆಯ ಹೆಡ್ಮಾಸ್ಟರು ಕೋಲೂರಿಕೊಂಡು ಎದ್ದರು. ಎಂಬತ್ತು ದಾಟಿದರೂ ದನಿ ಮಾತ್ರ ಗಂಟೆ. "ಮೂವತ್ತಾರು ವರ್ಷ ನಾಲ್ಕನೇ ಕ್ಲಾಸಿಗೆ ಪಾಠ ಮಾಡಿದರು. ಬಡ್ತಿ ಕೊಡ್ತೀವಿ ಅಂದರೂ ನಾಲ್ಕನೇ ಕ್ಲಾಸು ಬಿಟ್ಟು ಕದಲಲಿಲ್ಲ. ಆಯತ ಅಂದರೆ ಏನು ಅಂತ ಈ ಊರಿನ ಅರ್ಧ ಜನಕ್ಕೆ ತೋರಿಸಿಕೊಟ್ಟವರು. ನಾನು ಅಲ್ಲಿ ಇದ್ದಷ್ಟು ವರ್ಷ ಖುದ್ದಾಗಿ ನೋಡಿದೀನಿ, ಬೋರ್ಡಿನ ಮುಂದೆ ನಿಂತು ಒಂದೇ ಒಂದು ದಿನ ತಪ್ಪು ಹೇಳಿದವರಲ್ಲ."

ಜನ ತಲೆಯಾಡಿಸಿದರು. ಅವನಿಗೆ ಮಾತ್ರ ಯಾರೋ ಬೇರೆಯವರ ಫೋಟೋ ತಂದು ಇಟ್ಟ ಹಾಗಾಯಿತು.

* * *

ಆಗ ಅವರಿಬ್ಬರ ಮದುವೆಯಾಗಿ ನಾಲ್ಕು ತಿಂಗಳು. ಅವಳಿಗೆ ಕೆಲಸ ಸಿಕ್ಕಿ ಎರಡು. ಸಂಜೆ ಶಾಲೆ ಬಿಟ್ಟ ಮೇಲೆ ನೇರ ಅಂಗಡಿಗೆ ಬಂದು, ಹಳೆಯ ಪೇಪರ್ ಉಂಡೆ ಮಾಡಿ ಗಾಜು ಒರೆಸುತ್ತ ದಿನದ ವರದಿ ಒಪ್ಪಿಸುವುದು ಅವಳ ರೂಢಿ. ಅವತ್ತು ಮುಖ ಕೆಂಪಾಗಿತ್ತು.

"ಒಂದು ಹುಡುಗಿ ಇದೆ ರೀ, ಬಾಯಿಬಡುಕಿ. ಇವತ್ತು ಹಗ್ಗ ತಗೊಂಡು ಹೋಗಿದ್ದೆ. ನೆಲದ ಮೇಲೆ ಒಂದು ಆಯತ ಮಾಡಿ ತೋರಿಸಿದೆ. ಅದೇ ಹಗ್ಗದಲ್ಲಿ ಇನ್ನೊಂದು ಮಾಡಿದೆ, ಸ್ವಲ್ಪ ಉದ್ದಕ್ಕೆ. ಹಗ್ಗ ಅದೇ ಅಲ್ವಾ ಮಕ್ಕಳೇ, ಹಾಗಾಗಿ ಒಳಗಿನ ಜಾಗಾನೂ ಅಷ್ಟೇ ಅಂದೆ. ಇವಳು ಎದ್ದು ನಿಂತು, ಇಲ್ಲ ಟೀಚರ್, ಉದ್ದದ್ರಲ್ಲಿ ಜಾಗ ಕಡಿಮೆ ಅಂತಾಳೆ! ಹಗ್ಗ ಎಲ್ಲಿಗೆ ಓಡಿಹೋಯ್ತು ಹಾಗಾದ್ರೆ ಅಂತ ಕೇಳಿದೆ. ಕ್ಲಾಸೆಲ್ಲ ಗೊಳ್ಳಂತ ನಕ್ಕಿತು. ಗಂಟೆ ಹೊಡೆಯೋ ತನಕ ನಿಲ್ಲಿಸಿದ್ದೆ ಅವಳನ್ನ."

ಅವನು ಹೂಂ ಅಂದ. ಅವನ ಗಮನ ಕೆಲಸದ ಮೇಲಿತ್ತು. ಒಂದೇ ಅಳತೆಯ ಎರಡು ಮರದ ಪಟ್ಟಿ ತಂದು, ಒಂದರಲ್ಲಿ ಯಾರದೋ ಮದುವೆಯ ಜೋಡಿಗೂ, ಇನ್ನೊಂದರಲ್ಲಿ ಕಾರ್ಖಾನೆಯವರು ಸಾಲಾಗಿ ನಿಂತ ಉದ್ದನೆಯ ಗುಂಪು ಫೋಟೋಗೂ ಕಟ್ಟು ಜೋಡಿಸಿ ಮುಗಿಸಿದ್ದ. ಗಾಜು ಕೊಯ್ದು ಎರಡನ್ನೂ ಅವಳ ಮುಂದೆ ಇಟ್ಟ.

ಅವಳು ಗುಂಪು ಫೋಟೋದ ಗಾಜನ್ನು ಎರಡು ಸಲ ಉಜ್ಜಿದಳು, ಮುಗಿದೇ ಹೋಯಿತು. ಮದುವೆಯದನ್ನು ಒರೆಸುತ್ತಲೇ ಇದ್ದಳು.

"ಇವೆರಡಕ್ಕೂ ಅಷ್ಟಷ್ಟೇ ಮರ ಹೋಯ್ತು ಅಲ್ವಾ?"

"ಹೂಂ. ಒಂದು ಬೆರಳೂ ಹೆಚ್ಚು ಕಮ್ಮಿ ಇಲ್ಲ."

"ಮತ್ತೆ ಇದಕ್ಯಾಕೆ ಇಷ್ಟೇ ಇಷ್ಟು ಗಾಜು?"

ಅವನಿಗೆ ನಗು ಬಂತು. "ಎಳೆದು ಉದ್ದ ಮಾಡಿದ್ರೆ ಹೊಟ್ಟೆ ಒಳಗೆ ಹೋಗಲ್ವೇನೇ? ಇದನ್ನೂ ಕೇಳ್ತಾರಾ ಯಾರಾದ್ರೂ?"

ಅವಳ ಕೈಯಲ್ಲಿದ್ದ ಪೇಪರ್ ಉಂಡೆ ಮೆಲ್ಲಗೆ ಮೇಜಿನ ಮೇಲೆ ಕೂತಿತು. ಗೋಡೆಗೆ ಒರಗಿಸಿದ್ದ ಕಟ್ಟುಗಳನ್ನೆಲ್ಲ, ಅಗಲದವು, ಕಿರಿದಾದವು, ಒಂದೊಂದನ್ನೇ ನೋಡಿದಳು. ಮುಖದ ಕೆಂಪು ಇಳಿದು ಬಿಳಿಚಿಕೊಂಡಿತು.

"ರೀ, ಸೈಕಲ್ ತೆಗೀರಿ" ಎಂದಳು.

* * *

ತಾನು ಎದ್ದು ನಿಂತದ್ದು ಅವನಿಗೆ ಗೊತ್ತಾಗಲಿಲ್ಲ. ಹೆಡ್ಮಾಸ್ಟರು ಮಾತು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಾಗ ಗೊತ್ತಾಯಿತು.

"ಹೇಳಿದ್ಲು" ಎಂದ. "ಒಂದ್ಸಲ ತಪ್ಪು ಹೇಳಿದ್ಲು."

"ಅಪ್ಪಾ, ಕೂತ್ಕೋ" ಮಗಳು ತೋಳು ಹಿಡಿದೆಳೆದಳು. "ಎರಡು ರಾತ್ರಿ ನಿದ್ದೆ ಮಾಡಿಲ್ಲ ಇವರು" ಎಂದು ಪಕ್ಕದವರಿಗೆ ಹೇಳಿದಳು.

"ಇಲ್ಲ ಕಣೇ, ನಂಗೆ ಚೆನ್ನಾಗಿ ನೆನಪಿದೆ." ನಾಲ್ಕು ಜನರ ಮುಂದೆ ಯಾವತ್ತೂ ಬಾಯಿ ತೆರೆದವನಲ್ಲ ಅವನು. ಆದರೂ ಹೇಳಿದ. ಹಗ್ಗದ ವಿಷಯ, ಗಾಜಿನ ವಿಷಯ, ಸೈಕಲ್ಲಿನ ವಿಷಯ. ವಿಳಾಸ ಕೇಳಿಕೊಂಡು ಮೂರು ಬೀದಿ ಅಲೆದದ್ದು. "ಹುಡುಗಿ ಮನೆ ಒಳಗೆ ಇವಳೊಬ್ಬಳೇ ಹೋದ್ಲು. ನಾನು ಸೈಕಲ್ ಹಿಡ್ಕೊಂಡು ಹೊರಗೆ ನಿಂತಿದ್ದೆ. ಬಹಳ ಹೊತ್ತಾಯ್ತು. ಆಚೆ ಬಂದಾಗ ಅತ್ತಿದ್ಲು, ನಗ್ತಾನೂ ಇದ್ಲು. ಏನಾಯ್ತೇ ಅಂದ್ರೆ, ಅದು ನಮ್ಮಿಬ್ಬರ ಲೆಕ್ಕ ರೀ, ನಿಮಗ್ಯಾಕೆ ಅಂದ್ಲು. ಆಮೇಲೂ ಎಷ್ಟೋ ಸಲ ಕೇಳಿದೀನಿ. ಹೇಳಲೇ ಇಲ್ಲ. ಒಳಗೆ ಏನಾಯ್ತೋ..." ಅವನು ಸುತ್ತ ನೋಡಿದ. "ನಂಗೊತ್ತಿಲ್ಲ."

ಯಾರೋ ಕೆಮ್ಮಿದರು.

"ನಂಗೊತ್ತು ಸಾರ್."

ಬಾಗಿಲ ಬಳಿ ಐವತ್ತು ದಾಟಿದ ಹೆಂಗಸೊಬ್ಬಳು ನಿಂತಿದ್ದಳು. ಬಸ್ಸು ಓಡಿಸುವವರ ನೀಲಿ ಅಂಗಿ, ಕೈಯಲ್ಲಿ ಬೀಗದ ಕೈ ಗೊಂಚಲು. "ಟ್ರಿಪ್ ಮುಗಿಸಿ ಹಾಗೇ ಬಂದೆ" ಎಂದಳು, ಬಟ್ಟೆಗೆ ಕ್ಷಮೆ ಕೇಳುವವಳಂತೆ. "ಆ ಬಾಯಿಬಡುಕಿ ನಾನೇ."

ಜನ ದಾರಿ ಬಿಟ್ಟರು. ಅವಳು ಮುಂದೆ ಬರಲಿಲ್ಲ, ಅಲ್ಲಿಂದಲೇ ಹೇಳಿದಳು.

"ಅವತ್ತು ಮನೆಗೆ ಹೋಗಿ ಸ್ಲೇಟು ತೊಲೆ ಮೇಲೆ ಎಸೆದಿದ್ದೆ. ಇನ್ನು ಶಾಲೆಗೆ ಹೋಗಲ್ಲ ಅಂದೆ. ನಮ್ಮಪ್ಪಂಗೂ ಅದೇ ಬೇಕಿತ್ತು, ನಾಳೆಯಿಂದ ಬಾಟ್ಲಿ ತೊಳೆಯೋ ಕೆಲಸಕ್ಕೆ ಹಾಕ್ತೀನಿ ಅಂದ್ರು. ಅಷ್ಟರಲ್ಲಿ ಟೀಚರ್ ಬಂದ್ರು. ಬಯ್ಯೋಕೆ ಬಂದ್ರು ಅಂದ್ಕೊಂಡು ಅಮ್ಮನ ಹಿಂದೆ ಬಚ್ಚಿಟ್ಕೊಂಡೆ. ಅವರು ಎಲ್ಲರ ಎದುರಿಗೇ, ನೆಲದ ಮೇಲೆ, ನನ್ನ ಮುಂದೆ ಕೂತ್ಕೊಂಡ್ರು. 'ನೀನು ಹೇಳಿದ್ದೇ ಸರಿ. ನಂಗೆ ಗೊತ್ತಿರಲಿಲ್ಲ. ಈಗ ನೀನು ಟೀಚರು, ನಾನು ಹುಡುಗಿ. ಹೇಳಿಕೊಡು' ಅಂದ್ರು."

ಅವಳು ಬೀಗದ ಕೈ ಗೊಂಚಲನ್ನು ಈ ಕೈಯಿಂದ ಆ ಕೈಗೆ ದಾಟಿಸಿದಳು.

"ನಾನು ಅಮ್ಮನ ಡಬ್ಬಿಯಿಂದ ದಾರ ತಗೊಂಡು ಗಂಟು ಹಾಕಿದೆ. ಟೀಚರ್ ಎರಡು ಬೆರಳು ಹಿಡಿದ್ರು, ನಾನೆರಡು. ಎಳೀತಾ ಹೋದೆ. ಕಿರಿದಾಗ್ತಾ ಆಗ್ತಾ ಎರಡು ಎಳೆನೂ ಬಂದು ಕೂಡಿಬಿಟ್ವು. ನೋಡಿ ಟೀಚರ್, ದಾರ ಇದೆ, ಜಾಗ ಇಲ್ಲ ಅಂದೆ. ಅವರು ಆ ದಾರಾನೇ ನೋಡ್ತಾ ಕೂತುಬಿಟ್ರು. ನಿಂಗೆ ಇದು ಹೇಗೆ ಹೊಳೀತು ಮಗಾ ಅಂದ್ರು. ನಮ್ಮ ಮನೆ ಹಾಗಿದೆಯಲ್ಲ ಟೀಚರ್ ಅಂದೆ. ಎರಡು ಕಟ್ಟಡದ ನಡುವಿನ ಓಣಿಗೆ ತಗಡು ಹೊದಿಸಿದ್ದ ಮನೆ ಅದು. ಪಕ್ಕದವರದ್ದು ಚೌಕ. ಎರಡರ ಗೋಡೆಗೂ ಸುಣ್ಣ ಹೊಡೆಯೋಕೆ ಒಂದೊಂದೇ ಡಬ್ಬ ಹೋಗ್ತಿತ್ತು. ಆದ್ರೆ ಅವರ ಮನೇಲಿ ಏಳು ಜನ ಮಲಗ್ತಿದ್ರು. ನಮ್ಮನೇಲಿ ನಾಲ್ಕು ಜನ ಒಬ್ಬರಿಗೊಬ್ಬರು ಅಂಟಿಕೊಂಡು, ಮಗ್ಗುಲು ಬದಲಾಯಿಸಬೇಕಾದ್ರೂ ಎಲ್ಲರೂ ಒಟ್ಟಿಗೇ."

ಯಾರೂ ನಗಲಿಲ್ಲ.

"ಟೀಚರ್ ಅತ್ತಿದ್ದು ಆವಾಗ. ಹೊರಡೋ ಮುಂಚೆ ಅಪ್ಪಂಗೆ, 'ನಿಮ್ಮ ಮಗಳು ನಾಳೆ ಬರದಿದ್ರೆ ನಾನೂ ಶಾಲೆಗೆ ಹೋಗಲ್ಲ, ನನಗೆ ಪಾಠ ಪೂರ್ತಿ ಆಗಿಲ್ಲ' ಅಂದ್ರು. ಮಾರನೇ ದಿನ ಕ್ಲಾಸಲ್ಲಿ ನನ್ನನ್ನ ಬೋರ್ಡ್ ಹತ್ರ ಕರೆದು, ನಿನ್ನೆ ನಾನು ತಪ್ಪು ಹೇಳಿದ್ದೆ, ಇವಳು ತಿದ್ದಿದ್ಲು ಅಂದ್ರು. ಆ ದಾರ ನಮ್ಮಮ್ಮಂದೇ. ಕೊಡ್ತೀಯಾ ಅಂತ ಕೇಳಿ ಇಸ್ಕೊಂಡಿದ್ರು."

ಮಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. "ನಾನೂ ಅಮ್ಮನ ಕ್ಲಾಸಲ್ಲೇ ಇದ್ದೆ ಅಪ್ಪ" ಎಂದಳು ಮೆಲ್ಲಗೆ. "ಮನೇಲಿ ಯಾವತ್ತಾದ್ರೂ ಒಂದು ದಿನ ತಪ್ಪಾಯ್ತು ಅಂದಿದ್ದಾಳಾ ಅವಳು? ಹಾಲು ಉಕ್ಕಿದ್ರೂ ಹಾಲಿಂದೇ ತಪ್ಪು." ಆ ಮಾತು ಅರ್ಧ ನಗುವಾಗಿ, ಉಳಿದರ್ಧ ಅಳುವಾಗಿ ಅವಳ ಭುಜ ಅಲುಗಿಸಿತು. ಮೂರು ದಿನದಲ್ಲಿ ಅವಳು ಅತ್ತದ್ದು ಅದೇ ಮೊದಲು. ಹೆಡ್ಮಾಸ್ಟರು ಕೋಲಿನ ಮೇಲೆ ಭಾರ ಹಾಕಿ ಕೂತರು. "ಸರಿ. ಹಾಗಾದ್ರೆ ನಾನು ಹೇಳಿದ್ದು ತಪ್ಪು" ಎಂದರು. ಹೇಳಿದ ಮೇಲೆ ಅವರ ಮುಖ ಹಗುರಾಯಿತು.

* * *

ಮಣ್ಣು ಮಾಡುವಾಗ ಬಿಸಿಲು ಚೆನ್ನಾಗಿ ಬಿದ್ದಿತ್ತು. ಗುಂಡಿಯ ಅಂಚಿನಲ್ಲಿ ನಿಂತು ಅವನು ಒಳಗೆ ನೋಡಿದ. ಯಾವ ಕಿಟಕಿ, ಯಾವ ಬಾಗಿಲು, ಯಾವ ಬೋರ್ಡು ಕಂಡರೂ ತಾನಾಗಿಯೇ ಅಳತೆ ಹಾಕುವ ಕಣ್ಣು ಅವನದು. ಇಲ್ಲಿ ಹಾಕಲಿಲ್ಲ. ಎಲ್ಲರೂ ಒಂದೊಂದು ಹಿಡಿ ಹಾಕಿದರು. ಮಣ್ಣು ಬೀಳುವ ಸದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಮೊನ್ನೆಯಿಂದ ಕಿವಿಯೊಳಗೆ ನಿಂತಿದ್ದ ನೀರು ಇಳಿದುಹೋಗಿತ್ತು.

ಮಗಳು ಬಂದವರನ್ನು ಮಾತಾಡಿಸಿ ಕಳಿಸಬೇಕಿತ್ತು. ಬಸ್ಸಿನವಳು ಅವನ ಹತ್ತಿರ ಬಂದಳು. "ಬನ್ನಿ ಸಾರ್. ಖಾಲಿ ಬಸ್ಸು, ಡಿಪೋಗೆ ಹೋಗ್ತಾ ಇದೆ. ನಿಮ್ಮ ಬೀದಿ ದಾಟ್ಕೊಂಡೇ ಹೋಗಬೇಕು."

"ಟಿಕೆಟ್ ತಗೋಬೇಕಾ?"

"ಅಯ್ಯೋ, ನಿಮ್ಮನ್ನ ಅವತ್ತು ಹೊರಗೆ ನಿಲ್ಲಿಸಿದ್ವಲ್ಲ, ಅದಕ್ಕೆ ಇವತ್ತು ಒಳಗೆ ಕೂತ್ಕೊಳ್ಳಿ."

ನಲವತ್ತು ಜನರ ಬಸ್ಸಿನಲ್ಲಿ ಅವನೊಬ್ಬನೇ. ಇಬ್ಬರ ಸೀಟಿನಲ್ಲಿ ರೂಢಿಯಂತೆ ಹೆಂಡತಿಗೆ ಕಿಟಕಿಯ ಕಡೆ ಬಿಟ್ಟು ಈಚೆ ಕೂತ. ಬಸ್ಸು ಹೊರಟಿತು. ಮರಗಳು, ಮನೆಗಳು, ಒಣಹಾಕಿದ ಬಟ್ಟೆಗಳು ಹಿಂದೆ ಸರಿದವು. ಒಂದು ತಿರುವಿನಲ್ಲಿ ಸಂಜೆಯ ಬಿಸಿಲು ಕಿಟಕಿಯಿಂದ ಒಳಗೆ ಬಂದು ಖಾಲಿ ಸೀಟಿನ ಮೇಲೆ ಬಿತ್ತು. ನಾಲ್ಕು ಮೂಲೆ ನೇರವಿದ್ದ ಬೆಳಕು, ಬಸ್ಸು ತಿರುಗಿದಂತೆಲ್ಲ ಉದ್ದವಾಯಿತು, ಕುಗ್ಗಿತು, ಅವನ ತೊಡೆಯ ಮೇಲೆ ಅರ್ಧ ಹತ್ತಿ ಅಲ್ಲೇ ನಿಂತಿತು. ಬೆಚ್ಚಗಿತ್ತು.

ಅವನು ಮಂಡಿ ಮಡಚಿಕೊಂಡು, ಸೀಟಿನ ಅಂಚಿಗೆ ಸರಿದು ಜಾಗ ಬಿಟ್ಟ.